ಪೆನ್ಸಿಲ್ಲಿನ ಪದ

ಶಿಡ್ಲಘಟ್ಟದಲ್ಲಿ, ಬಸ್ ಸ್ಟ್ಯಾಂಡಿನ ಹಿಂದೆ,
ಗೂಡು ಬೇಯುವ ವಾಸನೆ ಕಿಟಕಿಯಿಂದ ಒಳಬರುವ
ಸಭೆಯ ಪುಟ್ಟ ಕೋಣೆಯಲ್ಲಿ ಕೂತು
ಎರಡು ವರ್ಷದಿಂದ ನಾವು ಮೂವರು
ಒಂದು ಗ್ರೀಕ್ ಪದದ ಎದುರು ಸೋಲುತ್ತಿದ್ದೇವೆ.

ಪಿಸ್ತಿಸ್.
ರೆವರೆಂಡ್ ಜಯಶೀಲರು ಅದನ್ನು ಹೇಳಿದರೆ
ಹೊರಗೆ ಯಾರೋ ಬೆಕ್ಕನ್ನು ಕರೆದ ಹಾಗೆ.
ನಂಬಿಕೆ, ಅಂದಿದ್ದರು ನಮ್ಮ ಹಿರಿಯರು.
ವಿಶ್ವಾಸ, ಅಂದಿದ್ದರು ಆಚೆ ಬೀದಿಯ ಕಥೋಲಿಕರು.
ಒಬ್ಬನೇ ಯೇಸು, ಎರಡು ಪದ;
ಅವರ ಮದುವೆಗೆ ಹೋದಾಗ ನಮ್ಮ ಬಾಯಿ ತಪ್ಪುತ್ತದೆ.

ನಂಬಿಕೆ ಅಂದರೆ ನನಗೆ ಮೊದಲು ನೆನಪಾಗುವುದು ಮುನೀರ್ ಪಾಷಾ.
ಚೀಟಿಯಿಲ್ಲ, ಸಹಿಯಿಲ್ಲ,
ನಮ್ಮ ಭಾವನಿಂದ ಮೂವತ್ತು ಕೆಜಿ ಗೂಡು ಎತ್ತಿಕೊಂಡು
ಶುಕ್ರವಾರ ಕೊಡ್ತೀನಿ ಅನ್ನುವವನು, ಕೊಡುವವನು.
ಆಮೇಲೆ ನೆನಪಾಗುವುದು ಮೂಢನಂಬಿಕೆ,
ಆಮೇಲೆ ನಂಬಿಕೆದ್ರೋಹ.
ಪದ ಎಂದೂ ಒಂಟಿಯಾಗಿ ಬರುವುದಿಲ್ಲ,
ನೆಂಟರನ್ನೆಲ್ಲ ಕಟ್ಟಿಕೊಂಡು ಬರುತ್ತದೆ.
ವಿಶ್ವಾಸವೋ, ಪುರಸಭೆಗೆ ಹೋದರೆ
ಅವಿಶ್ವಾಸ ಗೊತ್ತುವಳಿ.

ಕಾಣದ್ದರ ಬಗ್ಗೆ ಒಂದು ವಾಕ್ಯ ಸಿಕ್ಕಿಹಾಕಿಕೊಂಡಿತ್ತು.
ಊಟದ ಬಿಡುವಿನಲ್ಲಿ ಪಕ್ಕದ ಫಿಲೇಚರಿಗೆ ಹೋದೆ.
ಕುದಿನೀರಿನ ಬಾಣಲೆಯ ಮುಂದೆ ನಸೀಮಾ
ಗೂಡಿನ ಎಳೆಯ ತುದಿ ಹುಡುಕುತ್ತಿದ್ದಳು.
ಕಾಣುತ್ತಾ ನಿನಗೆ? ಅಂದೆ.
'ನೋಡ್ತಾ ಕೂತ್ರೆ ಸಿಗಲ್ಲ ಮೇಷ್ಟ್ರೇ.'
ಬೆಂದು ಬೆಳ್ಳಗಾದ ಬೆರಳು ತೋರಿಸಿದಳು.
'ಇದಕ್ಕೆ ಗೊತ್ತಾಗುತ್ತೆ.'
ಸಮಿತಿಯ ಕಡತದಲ್ಲಿ ಇದನ್ನು ಹೇಗೆ ಬರೆಯಲಿ?

ರಾತ್ರಿ, ಸಾಲೋಮಿ ಅತ್ತೆ.
ಚಿಕ್ಕಬಳ್ಳಾಪುರದ ಮಿಷನ್ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು,
ಸುತ್ತಲಿನ ಊರುಗಳ ಎಷ್ಟೋ ಕೂಸುಗಳನ್ನು
ತಾಯಂದಿರಿಗಿಂತ ಮೊದಲು ಎತ್ತಿಕೊಂಡವಳು.
ಸೊಂಟದ ಮೂಳೆ ಮುರಿದು ಈಗ ನಮ್ಮಲ್ಲಿದ್ದಾಳೆ.
ತೆಲುಗಿನಲ್ಲಿ ಬೈಯುತ್ತಾಳೆ, ಕನ್ನಡದಲ್ಲಿ ಪ್ರಾರ್ಥಿಸುತ್ತಾಳೆ,
ಎರಡು ಗಂಟೆಗೆ ಎಬ್ಬಿಸುತ್ತಾಳೆ, ಬಚ್ಚಲಿಗೆ.
'ಎಳೀಬೇಡ ಕಣೋ. ಸುಮ್ನೆ ನಿಂತ್ಕೊ.
ನಾನೇ ನೆಮ್ಕೊಂಡು ಬರ್ತೀನಿ.'

ನೆಮ್ಕೊಂಡು.
ಮೂವತ್ತೊಂದು ವರ್ಷ ಹತ್ತನೇ ತರಗತಿಗೆ ಹಳಗನ್ನಡ ಹೇಳಿದ್ದೇನೆ.
ಕಪ್ಪುಹಲಗೆಯ ಬಲಮೂಲೆಯಲ್ಲಿ,
ನೆಮ್ಮು ಎಂದರೆ ಒರಗು, ಆತುಕೊಳ್ಳು.
ಒಂದು ಅಂಕದ ಪ್ರಶ್ನೆ.
ಬದುಕಿರುವ ಬಾಯಲ್ಲಿ ಕೇಳಿದ್ದು ಅದೇ ಮೊದಲು,
ಅದೂ ಬಚ್ಚಲ ಹೊಸ್ತಿಲಲ್ಲಿ,
ಅವಳ ಪೂರಾ ಭಾರ ನನ್ನ ಎಡಭುಜದ ಮೇಲಿದ್ದಾಗ.
ನೆಮ್ಮದಿ ಅನ್ನುವುದೂ ಇಲ್ಲಿಂದಲೇ ಬಂತೇನೋ;
ನಿದ್ದೆಗಣ್ಣಿನಲ್ಲಿ ನಿಘಂಟು ಹುಡುಕಲಿಲ್ಲ.

ಬೆಳಿಗ್ಗೆ ಸಮಿತಿಯಲ್ಲಿ ಆ ತಂದೆಯ ಕತೆ.
ಮೂರ್ಛೆ ಬೀಳುವ ಮಗನನ್ನು ಕರೆತಂದವನು,
ಬೆಂಕಿಗೂ ನೀರಿಗೂ ಬಿದ್ದ ಮಗ,
ನಂಬಿದ್ದೇನೆಂದು ಕೂಗಿದ ಉಸಿರಿನಲ್ಲೇ
ನಂಬಲಾರೆನೆಂದೂ ಕೂಗಿದವನು.
ನಮ್ಮ ಕರಡಿನಲ್ಲಿ ಅವನು
ತಾಲೂಕು ಕಚೇರಿಗೆ ಅರ್ಜಿ ಕೊಟ್ಟವನ ಹಾಗೆ ಮಾತಾಡುತ್ತಿದ್ದ.
ನಾನು ಓದಿದೆ:

ನೆಮ್ಮಿದ್ದೇನಪ್ಪಾ. ಜಾರ್ತಿದ್ದೇನೆ. ಹಿಡ್ಕೋ.

ಯಾರೂ ಮಾತಾಡಲಿಲ್ಲ.
ಕೃಪಾವತಿ ಮೇಡಂ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು.
ಹೊತ್ತುಹೊತ್ತಿಗೆ ಗಾರ್ಡಿನಾಲ್ ಮಾತ್ರೆ ಕೊಟ್ಟು ಬೆಳೆಸಿದ
ಮಗನೊಬ್ಬ ಅವರಿಗಿದ್ದ.
ರೆವರೆಂಡರು ಗಂಟಲು ಸರಿಮಾಡಿಕೊಂಡು,
'ಚೆನ್ನಾಗಿದೆ ಮೇಷ್ಟ್ರೇ. ಆದರೆ ಎಲ್ಲರಿಗೂ ತಿಳೀಬೇಕಲ್ಲ' ಅಂದರು.
ತಪ್ಪೇನಿಲ್ಲ. ನಂಬಿಕೆಯೇ ಉಳಿಯಿತು,
ಅಜ್ಜಂದಿರು ಹಿಡಿದು ಹಿಡಿದು
ನುಣುಪಾದ ಪಡಸಾಲೆಯ ಕಂಬದ ಹಾಗೆ.
ಒಪ್ಪಿಗೆಗೆ ನಾನೂ ಕೈಯೆತ್ತಿದೆ.

ಅಂಚಿನಲ್ಲಿ ಮಾತ್ರ, ಪೆನ್ಸಿಲ್ಲಿನಲ್ಲಿ, ಬರೆದಿಟ್ಟಿದ್ದೇನೆ.
ಟೈಪು ಮಾಡುವ ಹುಡುಗ ಅದನ್ನು ಧೂಳೆಂದುಕೊಂಡಾನು.

ರಾತ್ರಿ ಅತ್ತೆಗೆ ಹೇಳಿದೆ, ನಿನ್ನ ಪದ ಸೋತಿತು.
'ಯಾವ ಪದ?' ಅಂದಳು.
'ಇನ್ನೊಂಚೂರು ಈ ಕಡೆ ಬಾ. ಭುಜ ಇಳಿಸು.'